ವಸಂತಣ್ಣನ ಮೊದಲ ಕಥೆ

ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡ ಸಂಘದಲ್ಲಿ ಯಾರಿಗೆ ಶಾಲು ಹೊದಿಸಬೇಕಾದರೂ ಮೊದಲು ಫೋನು ಹೋಗುವುದು ವಸಂತಕುಮಾರರಿಗೆ. ಸನ್ಮಾನಪತ್ರ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಠಾಣೆಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದು ನಿವೃತ್ತರಾದವರು. ಗಲ್ಲಾಪೆಟ್ಟಿಗೆಯ ಮುಂದೆ ಕೂತೇ 'ಕೊಡುಗೈ ದಾನಿ', 'ಸರಳ ಸಜ್ಜನ' ಎಂದು ಬಿಲ್ಲಿನ ಬೆನ್ನಿಗೆ ಗೀಚಿ ಗೀಚಿ ಕೈ ಪಳಗಿಸಿಕೊಂಡವರು. ಎಂಜಲು ಕೈಯಲ್ಲಿ ಕಾಗೆ ಓಡಿಸದವನೂ ಅವರ ಪತ್ರದಲ್ಲಿ ಕರ್ಣನಾಗುತ್ತಿದ್ದ. ಓದಿ ಮುಗಿಸುವಷ್ಟರಲ್ಲಿ ಸನ್ಮಾನಿತರ ಹೆಂಡತಿಗೇ 'ಇವರು ನಮ್ಮವರೇ ಹೌದಾ?' ಎಂದು ಅನುಮಾನ ಬರಬೇಕು, ಹಾಗೆ!

ಇಂಥವರಿಗೆ ಕಥೆ ಬರೆಯಿರಿ ಎಂದು ಗಂಟುಬಿದ್ದವರು ಪುಷ್ಪಾವತಿ ಟೀಚರ್. ವಸಂತಕುಮಾರರ ಹಾಗೆ ಅವರೂ ಉಡುಪಿ ಕಡೆಯವರೇ. ವಾರ್ಷಿಕೋತ್ಸವಕ್ಕೆ ನಗೆನಾಟಕ ಬರೆಯುತ್ತಾರೆ, ಅವರ ನಾಟಕದಲ್ಲಿ ಬೈಸಿಕೊಳ್ಳದ ಪಾತ್ರವೇ ಇಲ್ಲ.

"ವಸಂತಣ್ಣ, ಇನ್ನೂರು ಜನರನ್ನು ಹೊಗಳಿದ್ದಾಯ್ತು. ಇನ್ನು ಒಂದು ಕಥೆ ಬರೀರಿ, ನೋಡುವ."

"ನನಗೆಂತ ಕಥೆ ಬರ್ತದೆ ಪುಷ್ಪಕ್ಕ? ಹಾಗಾದ್ರೆ ನೀವೊಂದು ಸನ್ಮಾನಪತ್ರ ಬರೀರಿ. ಒಂದೂ ಕೊಂಕು ಇರಬಾರದು."

"ಆಯ್ತು. ನೀವು ಹಿಂದೆ ಸರಿಯಬಾರದು, ಮತ್ತೆ!"

ಹದಿನೈದು ದಿನಕ್ಕೆ ವಸಂತಕುಮಾರರು ಕಥೆ ಹಿಡಿದುಕೊಂಡು ಪುಷ್ಪಕ್ಕನ ಮನೆಗೆ ಹೋದರು. ಒಂದು ಹೋಟೆಲು, ಅಲ್ಲೊಬ್ಬ ಅಡುಗೆಯವ, ಒಂದು ದಿನ ಹಾಲು ಒಡೆದು ಅವನ ಕೆಲಸ ಹೋಗುತ್ತದೆ, ಇಷ್ಟೇ ಕಥೆ. ಪುಷ್ಪಕ್ಕ ಕಾಫಿ ಕುಡಿಯುತ್ತಾ ಪೂರ್ತಿ ಕೇಳಿದರು.

"ಮಾಲೀಕ ಕೊಡುಗೈ ದಾನಿ, ಮ್ಯಾನೇಜರ್ ಸರಳ ಸಜ್ಜನ, ಅಡುಗೆಯವ ಅನ್ನಪೂರ್ಣೆಯ ವರಪುತ್ರ. ಮತ್ತೆ ಪಾಪದವನ ಕೆಲಸ ಹೋದದ್ದು ಯಾಕೆ ಮಾರಾಯ್ರೆ?"

"ಹಾಲು ಒಡೆಯಿತಲ್ಲ."

"ಹಾಲು ಯಾಕೆ ಒಡೆಯಿತು?"

"ಫ್ರಿಜ್ ಬಂದ್ ಆಗಿತ್ತು."

"ಬಂದ್ ಮಾಡಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ. ಆದರೂ ಫ್ಯಾನಿನ ಕೆಳಗೆ ಕೂತ ವಸಂತಕುಮಾರರ ಹಣೆ ಬೆವರಿತು. ಕಥೆಯ ಹಾಳೆ ಮಡಚುತ್ತಾ ಹೇಳಿದರು.

"ನಾನು."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಘೋಡಬಂದರ್ ರಸ್ತೆಯಲ್ಲಿ ಒಂದು ಗೃಹಪ್ರವೇಶ, ಇನ್ನೂರು ಜನಕ್ಕೆ ಪಾಯಸದ ಆರ್ಡರು. ಹಿಂದಿನ ಸಂಜೆ ವಸಂತಕುಮಾರರೇ ಫ್ರಿಜ್ ಬಂದ್ ಮಾಡಿ ತೊಳೆಸಿದ್ದರು. ಮತ್ತೆ ಶುರು ಮಾಡಲು ಮರೆತರು. ಬೆಳಿಗ್ಗೆ ನೋಡಿದರೆ ಅಷ್ಟೂ ಹಾಲು ಹುಳಿ! ಮಾಲೀಕರು ಯಾರ ಕೆಲಸ ಇದು ಎಂದು ಕೂಗಾಡಿದಾಗ ಇವರ ಬಾಯಿಂದ ಬಂದದ್ದು ಒಂದೇ ಮಾತು: "ರಾತ್ರಿ ಕೊನೆಗೆ ಅಡುಗೆಮನೆಯಲ್ಲಿದ್ದದ್ದು ಹುಲಗಪ್ಪ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊಪ್ಪಳ ಕಡೆಯ ಆ ಅಡುಗೆಯವ 'ನಾನಲ್ರಿ, ನಾನಲ್ರಿ' ಎನ್ನುತ್ತಲೇ ಮಧ್ಯಾಹ್ನ ಟ್ರಂಕು ಹೊತ್ತುಕೊಂಡು ಹೋದ. ಕೇಳುವವರು ಯಾರಿದ್ದರು?

ಎಲ್ಲರನ್ನೂ ಬೈಯುವ ಪುಷ್ಪಕ್ಕ ಅವತ್ತು ಬೈಯಲಿಲ್ಲ. "ಅದನ್ನೇ ಬರೀರಿ ವಸಂತಣ್ಣ. ನಿಮ್ಮ ಹೆಸರಿನಲ್ಲೇ," ಎಂದರು.

ವಸಂತಕುಮಾರರಿಗೆ ಸಿಟ್ಟು ನೆತ್ತಿಗೇರಿತು. ಸಂಘದಲ್ಲಿ ಚಿಕ್ಕವರು ಕಾಲು ಮುಟ್ಟುವ ಮನುಷ್ಯ ನಾನು, ಅರವತ್ತೈದರಲ್ಲಿ ಮರ್ಯಾದೆ ಮೂರು ಕಾಸು ಮಾಡಿಕೊಳ್ಳಬೇಕಾ ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಮರುದಿನ ಬೆಳಿಗ್ಗೆ ಪುಷ್ಪಕ್ಕನ ಫೋನು ಬಂತು.

"ಎಷ್ಟು ಸಾಲು ಆಯ್ತು?"

"ಎಂತದೂ ಆಗಲಿಲ್ಲ."

"ನನ್ನದೂ ಆಗಲಿಲ್ಲ. ಹೊಗಳುವುದು ಇಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ ಮಾರಾಯ್ರೆ. ನಾಲ್ಕು ಸಾಲು ಬರೆದೆ, ನಾಲ್ಕರಲ್ಲೂ ಕುಟುಕಿದೆ. ಹರಿದು ಬಿಸಾಡಿದೆ."

ವಸಂತಕುಮಾರರಿಗೆ ನಗು ಬಂತು, ಸಿಟ್ಟು ಅಲ್ಲಿಗೆ ಇಳಿಯಿತು. ಹೀಗೆ ಒಂದು ತಿಂಗಳು ದಿನಾ ಬೆಳಿಗ್ಗೆ ಫೋನು. ಇವತ್ತು ಎರಡು ಸಾಲು, ನಾಳೆ ಅರ್ಧ ಪುಟ. 'ಸರಳ ಸಜ್ಜನ' ಎಂಬುದನ್ನು ಹೊಡೆದು ಹಾಕಲು ಹೊರಟಾಗ ಪೆನ್ನೇ ಮೇಲೇಳಲಿಲ್ಲ. ಕೊನೆಗೂ ಒಂದು ಭಾನುವಾರ ಕಥೆ ಮುಗಿಯಿತು.

"ಸಂಘದಲ್ಲಿ ಓದುವ ಮೊದಲು ಇದನ್ನು ಕೇಳಬೇಕಾದವರು ಒಬ್ಬರಿದ್ದಾರಲ್ಲ?" ಎಂದರು ಪುಷ್ಪಕ್ಕ. "ನಮ್ಮ ವಾರ್ಷಿಕೋತ್ಸವಕ್ಕೆ ಜೋಳದ ರೊಟ್ಟಿ ಬಂತಲ್ಲ, ಅದು ದಿವಾದ ಹುಲಗಪ್ಪನ ಖಾನಾವಳಿಯಿಂದ. ವಿಚಾರಿಸಿದೆ, ಹಿಂದೆ ನಿಮ್ಮ ಹೋಟೆಲಿನಲ್ಲೇ ಇದ್ದವನಂತೆ. ನಡೀರಿ, ನಾನೂ ಬರ್ತೇನೆ."

ಸ್ಲೋ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ದಿವಾಕ್ಕೆ ಎಷ್ಟು ದೂರ? ಕೋಪರ್ ದಾಟಿದರೆ ದಿವಾ. ಅಷ್ಟರಲ್ಲೇ ವಸಂತಕುಮಾರರು ವಾಪಸ್ ಹೋಗುವ ಎಂದು ಎರಡು ಸಲ ಹೇಳಿಯಾಗಿತ್ತು. ಪುಷ್ಪಕ್ಕ ಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದರು. 'ಶ್ರೀ ವಸಂತಕುಮಾರರಿಗೆ ಸನ್ಮಾನಪತ್ರ' ಎಂದಿತ್ತು. ಅರ್ಧ ಹಾಳೆ ತುಂಬಿತ್ತು, ಉಳಿದರ್ಧ ಖಾಲಿ.

"ಉಳಿದದ್ದು ನೀವು ಅಲ್ಲಿ ಓದಿದ ಮೇಲೆ," ಎಂದರು. ವಸಂತಕುಮಾರರು ಆ ಅರ್ಧ ಹಾಳೆಯನ್ನು ಮತ್ತೆ ಮತ್ತೆ ಓದಿದರು. ಇನ್ನೂರು ಜನರ ಹೆಗಲಿಗೆ ಶಾಲು ಬಿದ್ದಾಗ ಚಪ್ಪಾಳೆ ತಟ್ಟಿದವರು ಅವರು. ಅವರಿಗಾಗಿ ಒಬ್ಬರು ತಿಂಗಳಿಡೀ ಹೆಣಗಾಡಿದ್ದು ಇದೇ ಮೊದಲು.

ಖಾನಾವಳಿಯಲ್ಲಿ ಊಟದ ಗಲಾಟೆ ಮುಗಿದಿತ್ತು. ಹುಲಗಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಮಾತ್ರ ತಕ್ಷಣ ಹಿಡಿದ.

"ಬರ್ರಿ ಮ್ಯಾನೇಜರ್ ಸಾಹೇಬ್ರ, ಕೂಡ್ರಿ. ರೊಟ್ಟಿ ಹಾಕಿಸ್ಲೇನ್ರಿ?"

"ಮೊದಲು ಒಂದು ಕಥೆ ಕೇಳು ಹುಲಗಪ್ಪ. ಆಮೇಲೂ ನಿನಗೆ ಮನಸ್ಸಿದ್ದರೆ ಹಾಕಿಸು."

ವಸಂತಕುಮಾರರು ಓದಿದರು. 'ಫ್ರಿಜ್ ಬಂದ್ ಮಾಡಿದ್ದು ನಾನು. ಸುಳ್ಳು ಹೇಳಿದ್ದೂ ನಾನು' ಎಂಬಲ್ಲಿ ದನಿ ಇಲ್ಲವೇ ಇಲ್ಲ ಎಂಬಷ್ಟು ಸಣ್ಣಗಾಯಿತು. ಮುಗಿದ ಮೇಲೆ ತಲೆ ಎತ್ತುವ ಧೈರ್ಯವಾಗಲಿಲ್ಲ.

ಹುಲಗಪ್ಪ ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಬೆರಳಿನಿಂದ ಒತ್ತುತ್ತಾ ಕೂತಿದ್ದ.

"ಹಾಲು ನಲವತ್ತು ಲೀಟರ್ ಅಂತ ಬರದೀರಿ. ಐವತ್ತಿತ್ರಿ," ಎಂದ.

"ತಿದ್ದುತ್ತೇನೆ."

"ತಿದ್ರಿ." ಆಮೇಲೆ ಒಳಗೆ ತಿರುಗಿ ಕೂಗಿದ: "ಏ, ರೊಟ್ಟಿ ಬಿಟ್ಟು ಬಾ ಇಲ್ಲಿ!"

ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಅವನ ಹೆಂಡತಿ ಬಂದು ನಿಂತಳು.

"ಸಾಹೇಬ್ರ, ಇನ್ನೊಮ್ಮೆ ಓದ್ರಿ. ಮೊದಲಿಂದ. ಸ್ವಲ್ಪ ಗಟ್ಟಿಯಾಗಿ ಓದ್ರಿ. ಇಪ್ಪತ್ತೆರಡು ವರ್ಷ ಆತು, ನಾನಲ್ಲ ಅಂದ್ರ ಈಕೀನೂ ನಂಬಿಲ್ಲ."

ವಸಂತಕುಮಾರರು ಪುಷ್ಪಕ್ಕನ ಕಡೆ ನೋಡಿದರು. ಪುಷ್ಪಕ್ಕ ತಮ್ಮ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೆನ್ನು ಹಿಡಿದಿದ್ದರು. ಈ ಸಲ ವಸಂತಕುಮಾರರು ಬೀದಿಗೆ ಕೇಳುವಂತೆ ಓದಿದರು. 'ಸುಳ್ಳು ಹೇಳಿದ್ದೂ ನಾನು' ಎಂಬ ಸಾಲು ಬಂದಾಗ ಹೆಂಡತಿ ಓದುವವರನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

"ಅವತ್ತ ನೀವು ಹೇಳಿದ್ದು ಖರೇನ ಏನ್ರಿ?"

ಹುಲಗಪ್ಪ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

"ನಿಲ್ಲಿಸಬ್ಯಾಡ್ರಿ ಸಾಹೇಬ್ರ," ಎಂದ. "ಓದ್ರಿ."