ಬನಶಂಕರಿಯ ಮೇಲೆ ಮಂಜು

ಆಷಾಢ ಬಂತೆಂದರೆ ಬೆಂಗಳೂರಿನ ಗಾಳಿಯನ್ನು ಹಿಡಿಯುವವರಿಲ್ಲ. ಟೆರೇಸಿನಲ್ಲಿ ಒಣಹಾಕಿದ ಲುಂಗಿ ಯಾರದೋ ಮನೆಯ ತೆಂಗಿನಮರದಲ್ಲಿ ಸಿಗುತ್ತದೆ. ಹಾಕದೆ ಬಿಟ್ಟ ಕಿಟಕಿಯೊಂದು ದಿನವಿಡೀ ಬಡಿದುಕೊಳ್ಳುತ್ತಿರುತ್ತದೆ. ಜನ ಬೈದುಕೊಳ್ಳುವ ಈ ಗಾಳಿಗಾಗಿ ಜಯನಗರದ ವೆಂಕಟಾಚಲ ವರ್ಷವೆಲ್ಲ ಕಾಯುತ್ತಿದ್ದರು. ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅವರಿಗೆ ಇದ್ದದ್ದು ಒಂದೇ ಚಟ. ಬಾಲ್ಸಾ ಮರದ ಹಗುರ ಪಟ್ಟಿಗಳನ್ನು ಅಂಟಿಸಿ ಎಂಜಿನ್ ಇಲ್ಲದ ಗ್ಲೈಡರ್ ಮಾಡುವುದು, ಅದನ್ನು ಗುಡ್ಡದ ನೆತ್ತಿಯಿಂದ ಗಾಳಿಗೆ ಬಿಟ್ಟು ರಿಮೋಟಿನಿಂದ ಆಡಿಸುವುದು. ಗುಡ್ಡಕ್ಕೆ ಬಡಿದ ಗಾಳಿ ಮುಂದೆ ದಾರಿ ಕಾಣದೆ ಇಳಿಜಾರನ್ನು ಹತ್ತುತ್ತದೆ. ಆ ಏರುಗಾಳಿಯ ಮೇಲೆ ರೆಕ್ಕೆ ಸರಿಯಾಗಿ ಕೂತಿತೆಂದರೆ ಗ್ಲೈಡರ್ ತಾನಾಗಿ ಇಳಿಯುವುದೇ ಇಲ್ಲ.

ಇಂಥ ಚಟದವರದೇ ಒಂದು ಬಳಗವಿತ್ತು. ಜರಗನಹಳ್ಳಿಯ ಶಿವರಾಮ್ ಅದರ ಯಜಮಾನ. ತಾತನ ರಾಗಿ ಹೊಲವಿದ್ದ ಜಾಗದಲ್ಲಿ ಕಟ್ಟಡ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದ ಅವನು, ಕೆಳಗಿನ ಪಾರ್ಕಿಂಗನ್ನು ಮಾತ್ರ ಬಳಗದವರ ರೆಕ್ಕೆ ಬಾಲಗಳಿಗೆ ಬಿಟ್ಟುಕೊಟ್ಟಿದ್ದ. ಆಷಾಢದ ಒಂದು ಭಾನುವಾರ ಎಲ್ಲರೂ ಕನಕಪುರ ರಸ್ತೆಯಾಚೆಯ ಬೋಳುಗುಡ್ಡವೊಂದಕ್ಕೆ ಹೋಗುವುದು ರೂಢಿ; ಗಾಳಿ ಇರುವ ಬೇರೆ ಭಾನುವಾರಗಳಲ್ಲೂ ಕೆಲವರು ಹೋಗುವುದಿತ್ತು. ಅಲ್ಲಿ ಮೊದಲ ಹಾರಾಟ ಹಿರಿಯರದು, ಅಂದರೆ ವೆಂಕಟಾಚಲರದು. ಆಗ ಆಕಾಶದಲ್ಲಿ ಬೇರೆ ಗ್ಲೈಡರ್ ಇರಬಾರದು, ಹಾರಿಸುವವರನ್ನು ಯಾರೂ ಮಾತಾಡಿಸಬಾರದು. ಪಕ್ಕದಲ್ಲಿ ಒಬ್ಬ ಸಹಾಯಕ ನಿಂತರೆ ಸಾಕು. ಇನ್ನೊಂದು ಕಟ್ಟುನಿಟ್ಟಾದ ನಿಯಮವಿತ್ತು: ತನ್ನ ಗ್ಲೈಡರ್ ತನ್ನ ಕಣ್ಣಿಗೆ ಕಾಣದವನು ರಿಮೋಟ್ ಮುಟ್ಟುವಂತಿಲ್ಲ. ಒಮ್ಮೆ ಯಾರದೋ ಗ್ಲೈಡರ್ ದಾರಿ ತಪ್ಪಿ ಬಂದು ಶಿವರಾಮನ ಭುಜ ಸೀಳಿತ್ತು. ಆಮೇಲೆ ಬಂದ ನಿಯಮ ಅದು.

ವೆಂಕಟಾಚಲರಿಗೆ ಗ್ಲೈಡರ್ ಕಾಣುವುದು ನಿಂತುಹೋಗಿತ್ತು.

ಶುಗರ್ ಕಣ್ಣಿಗೆ ಇಳಿದಿತ್ತು. ಲೇಸರ್ ಆಯಿತು, ಇಂಜೆಕ್ಷನ್ ಆಯಿತು, ಹೋದದ್ದು ಬರಲಿಲ್ಲ. ಎದುರಿಗೆ ನಿಂತವರ ಆಕಾರ ತಿಳಿಯುತ್ತಿತ್ತು, ತಟ್ಟೆಯಲ್ಲಿ ಅನ್ನ ಯಾವ ಕಡೆ ಸಾರು ಯಾವ ಕಡೆ ಎಂದು ತಿಳಿಯುತ್ತಿತ್ತು. ಆಕಾಶ ಮಾತ್ರ ಹಾಲಿನ ಪಾತ್ರೆ ತೊಳೆದ ನೀರಿನ ಹಾಗೆ ಒಂದೇ ಬಣ್ಣ. ಈ ವಿಷಯ ಗೊತ್ತಿದ್ದದ್ದು ಹೆಂಡತಿ ಅಲಮೇಲುವಿಗೆ ಮತ್ತು ಮಗಳು ಇಂಚರಳಿಗೆ ಮಾತ್ರ. ಬಳಗಕ್ಕೆ ತಿಳಿದರೆ ಹಾರಾಟ ಅಲ್ಲಿಗೆ ಮುಗಿಯಿತು.

ಉಪಾಯ ಹುಡುಕಿದ್ದು ಇಂಚರಳೇ. ಪದ್ಮನಾಭನಗರದ ಟ್ಯೂಷನ್ ಸೆಂಟರೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳು ಹೆಚ್ಚು ಮಾತಿನವಳಲ್ಲ. ಅಪ್ಪನೂ ಅಂಥವರೇ. ಮನೆಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು, ಒಂದು ಮಾತೂ ಆಡದೆ, ಮಾತು ಮುಗಿಸಿದವರ ಹಾಗೆ ಎದ್ದು ಹೋಗುತ್ತಿದ್ದರು. ಅಪ್ಪನ ಪಕ್ಕ ನಿಂತು ‘ಎಡಕ್ಕೆ, ಬಲಕ್ಕೆ, ಮೇಲೆ’ ಎಂದು ಕೂಗಿದರೆ ಗುಟ್ಟು ಉಳಿಯದು. ಅದಕ್ಕೆ ಅವಳು ಆಕಾಶದ ಮೇಲೆ ತಮ್ಮ ಬಡಾವಣೆಯನ್ನೇ ಹಾಸಿದಳು. ಗುಡ್ಡದ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ನೆತ್ತಿಯ ಮೇಲಿನದು ಫೋರ್ತ್ ಬ್ಲಾಕ್. ಎದುರಿಗೆ ದೂರ ಬನಶಂಕರಿ, ಇನ್ನೂ ದೂರ ಪದ್ಮನಾಭನಗರ. ಬಲಕ್ಕೆ ಸೌತ್ ಎಂಡ್, ಅದರಾಚೆ ಲಾಲ್‌ಬಾಗ್. ಎಡಕ್ಕೆ ಸಾರಕ್ಕಿ, ಜೆ.ಪಿ. ನಗರ. ಬೆನ್ನ ಹಿಂದೆ ಬಿ.ಟಿ.ಎಂ. ಅಲ್ಲಿಗೆ ಮಾತ್ರ ಹೋಗಕೂಡದು; ಗುಡ್ಡದ ಹಿಂಬದಿಯ ಗಾಳಿ ಗ್ಲೈಡರನ್ನು ನೆಲಕ್ಕೆ ಒಗೆಯುತ್ತದೆ. ನಲವತ್ತು ವರ್ಷ ಸ್ಕೂಟರಿನಲ್ಲಿ ತಿರುಗಿದ ದಾರಿಗಳು ಅಪ್ಪನ ಬೆರಳುಗಳಿಗೆ ಬೇಗ ಬಂದವು. ಬಳಗದವರಿಗೆ ಅದು ಅಪ್ಪ ಮಗಳ ತಮಾಷೆಯಾಗಿ ಕಂಡಿತು.

“ಮೇಷ್ಟ್ರ ಬಸ್ ಹೊರಡ್ತು ನೋಡ್ರಪ್ಪ,” ಎಂದು ದೀಪಕ್ ರೇಗಿಸುತ್ತಿದ್ದ. ಬಳಗದಲ್ಲಿ ಎಲ್ಲರಿಗಿಂತ ಕಿರಿಯ, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು. “ಇಂಚರ, ಬನಶಂಕರಿಗೆ ಒಂದ್ ಟಿಕೆಟ್ ಕೊಡಿ.”

ಈ ಸಲದ ಭಾನುವಾರ ಬೆಳಿಗ್ಗೆ ಅಲಮೇಲು ಚಿತ್ರಾನ್ನದ ಡಬ್ಬಿ ಮುಚ್ಚುತ್ತಾ ಮತ್ತೆ ಅದೇ ಮಾತೆತ್ತಿದರು.

“ಯಾರ ತಲೆ ಮೇಲಾದ್ರೂ ಬಿದ್ರೆ ಏನ್ ಮಾಡ್ತೀರಿ?”

“ಇವಳ ಕಣ್ಣಿದೆಯಲ್ಲೇ. ಇವಳು ಇರೋವರೆಗೂ ನಂಗೆ ಯೋಚನೆ ಇಲ್ಲ,” ಎಂದರು ವೆಂಕಟಾಚಲ.

“ಅದನ್ನೇ ಹೇಳಿ ಹೇಳಿ ಎಲ್ಲಾ ಭಾರ ಅವಳ ತಲೆ ಮೇಲೆ ಹೊರಿಸಿದೀರಿ.”

ಇಂಚರ ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು.

ಗುಡ್ಡ ತಲುಪುವ ಹೊತ್ತಿಗೆ ಜಿನುಗುಮಳೆ ಹಿಡಿದಿತ್ತು. ಶಿವರಾಮ್ ಜೀಪಿನಿಂದ ನೀಲಿ ಟಾರ್ಪಾಲು ತೆಗೆದು ಬಂಡೆಗೂ ಜೀಪಿಗೂ ಕಟ್ಟಿದ. ಬಂದಿದ್ದ ಏಳೆಂಟು ಜನ ಅದರಡಿ ಕುಕ್ಕರುಗಾಲಿನಲ್ಲಿ ಕೂತು, ಗ್ಲೈಡರುಗಳಿಗೆ ಬೆಡ್‌ಶೀಟ್ ಹೊದಿಸಿದರು. ಗಾಳಿ ಬೇಕಾದ ದಿಕ್ಕಿನಿಂದ ಬೀಸದೆ ಸುಮ್ಮನೆ ಸುತ್ತುತ್ತಿತ್ತು.

“ಇವತ್ತು ಗ್ಲೈಡರ್ ಬದಲು ದೋಣಿ ತರಬೇಕಿತ್ತು, ಗುರು,” ಎಂದ ದೀಪಕ್.

“ಬಾಯ್ ಮುಚ್ಕೊಂಡು ಚಿತ್ರಾನ್ನ ತಿನ್ನೋ. ಗಾಳಿ ತಿರುಗತ್ತೆ,” ಎಂದ ಶಿವರಾಮ್.

“ಹೋದ್ ವರ್ಷಾನೂ ಹಿಂಗೇ ಅಂದಿದ್ದೆ. ಚಿತ್ರಾನ್ನ ಮುಗೀತು, ಗಾಳಿ ಬರ್ಲಿಲ್ಲ.”

“ಹೋದ್ ವರ್ಷ ಮುಗಿಸಿದ್ದು ನೀನೊಬ್ಬನೇ ಕಣೋ.”

ವೆಂಕಟಾಚಲ ನಗಲಿಲ್ಲ. ಅವರು ಕೆನ್ನೆಯನ್ನು ಸ್ವಲ್ಪ ಓರೆ ಮಾಡಿ, ಯಾರೋ ಪಕ್ಕದ ಕೋಣೆಯಲ್ಲಿ ಪಿಸುಗುಡುವುದನ್ನು ಕೇಳುವವರ ಹಾಗೆ ಕೂತಿದ್ದರು. ಆಮೇಲೆ ಮೆಲ್ಲಗೆ, “ಬಂತು,” ಎಂದರು. ಟಾರ್ಪಾಲಿನ ಅಂಚು ಪಟಪಟನೆ ಬಡಿಯತೊಡಗಿದ್ದು ಅದಾದ ಮೇಲೆಯೇ. ಮಳೆ ನಿಂತಿತು. ಪಶ್ಚಿಮದ ಗಾಳಿ ಇಳಿಜಾರಿನ ಹುಲ್ಲನ್ನು ಕೆಳಗಿನಿಂದ ಮೇಲಕ್ಕೆ ಬಾಚುತ್ತಾ ಬಂತು.

ಶಿವರಾಮನೇ ಮೇಷ್ಟ್ರ ಗ್ಲೈಡರನ್ನು ತಲೆಯ ಮೇಲೆ ಎತ್ತಿ ಹಿಡಿದ. ಕಿತ್ತಳೆ ಬಣ್ಣದ ಹೊಟ್ಟೆ, ಅಪ್ಪನ ಕೈಯಳತೆಗೂ ಮೀರಿದ ರೆಕ್ಕೆ. ಈ ವರ್ಷ ಅದರ ಅಂಚನ್ನು ಅವರು ಕಣ್ಣು ಮುಚ್ಚಿಕೊಂಡೇ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ್ದರು. ಅರ್ಧಂಬರ್ಧ ಕಾಣುವುದು ಬೆರಳಿಗೆ ಅಡ್ಡ ಬರುತ್ತದೆ ಎಂದಿದ್ದರು. ಶಿವರಾಮ್ ಎರಡು ಹೆಜ್ಜೆ ಓಡಿ ಎಸೆದ. ಗ್ಲೈಡರ್ ಒಂದು ಕ್ಷಣ ತಗ್ಗಿ, ಗಾಳಿ ಹಿಡಿದುಕೊಂಡು ಸರ್ರನೆ ಮೇಲೆದ್ದಿತು. ರೂಢಿಯಂತೆ ಎಲ್ಲರೂ ಹಿಂದೆ ಸರಿದು ಟಾರ್ಪಾಲಿನ ಬಳಿ ನಿಂತರು.

“ಫೋರ್ತ್ ಬ್ಲಾಕ್,” ಎಂದಳು ಇಂಚರ. “ಸೌತ್ ಎಂಡ್ ಕಡೆ ಹೊರಟಿದೆ.”

ಅಪ್ಪನ ಹೆಬ್ಬೆರಳು ಕೂದಲೆಳೆಯಷ್ಟು ಅಲುಗಿತು. ದೂರದಲ್ಲಿ ರೆಕ್ಕೆ ವಾಲಿ, ಗ್ಲೈಡರ್ ಚಂದದ ಕಮಾನು ಬಿಡಿಸಿ ಎಡಕ್ಕೆ ಹೊರಳಿತು. ಸಾರಕ್ಕಿ, ಮತ್ತೆ ವಾಪಸ್, ಬನಶಂಕರಿ. ಅಪ್ಪ ಹೀಗೆ ಹಾರಿಸಿದ್ದನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ. ಅವರ ತುಟಿ ಸ್ವಲ್ಪ ತೆರೆದಿತ್ತು.

“ಇವತ್ತು ಕೈಗೆ ಹತ್ತಿದೆ ಕಣೇ, ಮರಿ. ತೂಕವೇ ಗೊತ್ತಾಗ್ತಿಲ್ಲ.”

“ಬನಶಂಕರಿ ಮೇಲೆ ಇದೆ ಅಪ್ಪ.”

ಆಗಲೇ ಕಣಿವೆಯಿಂದ ಮಂಜು ಎದ್ದಿತು. ಗ್ಲೈಡರನ್ನು ಹೊತ್ತಿದ್ದ ಅದೇ ಗಾಳಿ ಅದನ್ನೂ ಹೊತ್ತು ತಂದಿತು. ಮೊದಲು ಕೆಳಗಿನ ನೀಲಗಿರಿ ತೋಪು ಹೋಯಿತು, ಆಮೇಲೆ ಇಳಿಜಾರಿನ ಬಂಡೆಗಳು. ಕಿತ್ತಳೆ ಚುಕ್ಕೆ ಒಮ್ಮೆ ಮಾಸಿ, ಒಮ್ಮೆ ಹೊಳೆದು, ಬಿಳಿಯೊಳಗೆ ಇಳಿಯಿತು.

ಹೇಳಬೇಕಿತ್ತು. ಒಂದೇ ಮಾತು ಸಾಕಿತ್ತು. ಆದರೆ ಈಗ ತಾನೆ ಅಲ್ಲೇ ಇತ್ತು, ಇನ್ನೊಂದು ಗಳಿಗೆಗೆ ಮಂಜು ಬಿಡಬಹುದು ಎಂದುಕೊಂಡಳು ಇಂಚರ. ಅಪ್ಪನ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಅವರ ಪಾಲಿಗೆ ಆಕಾಶ ಬೆಳಿಗ್ಗೆಯಿಂದ ಹೇಗಿತ್ತೋ ಹಾಗೇ ಇತ್ತು.

“ಎಲ್ಲಿದೆ?”

“ಬನಶಂಕರಿಯಲ್ಲೇ,” ಎಂದಳು. ಅದು ನಿಜವಿದ್ದರೂ ಇರಬಹುದಿತ್ತು.

“ಇನ್ನೂ ಹೊರಗೆ ತಗೊಂಡು ಹೋಗಲಾ?”

“ಹ್ಞೂಂ... ಪದ್ಮನಾಭನಗರ. ನಿಧಾನ ತಿರುಗಿಸು.” ಇದು ಬರೀ ಅಂದಾಜು.

ಅಪ್ಪ ತಿರುಗಿಸಿದರು. ಅವರ ಭುಜವೂ ಜೊತೆಗೆ ವಾಲಿತು. ಅವಳು ಮುಂದುವರಿದಳು. ಎರಡು ಸುತ್ತು ಬಂತು ಎಂದಳು. ಬಿಸಿಲು ಬಿದ್ದು ಹೊಟ್ಟೆ ಹೊಳೆಯಿತು ಎಂದಳು. ಸಾರಕ್ಕಿಯ ಮೇಲೆ ವಾಪಸ್ ಬರುತ್ತಿದೆ, ಎಷ್ಟು ಚೆನ್ನಾಗಿ ಬರುತ್ತಿದೆ ಎಂದಳು. ಇಷ್ಟು ಮಾತನ್ನು ಅವಳು ಅಪ್ಪನೊಂದಿಗೆ ಒಟ್ಟಿಗೆ ಆಡಿದ್ದೇ ಕಡಿಮೆ. ಎದುರಿಗಿದ್ದದ್ದು ಗೋಡೆಯಂಥ ಬಿಳುಪು.

ಹಿಂದಿನಿಂದ ದೀಪಕ್, “ಮೇಷ್ಟ್ರೇ, ಇಳಿ—” ಎನ್ನುವಷ್ಟರಲ್ಲಿ ಶಿವರಾಮ್ ಅವನ ತೋಳು ಹಿಡಿದ. ಶಿವರಾಮನ ನೋಟ ಮೇಷ್ಟ್ರ ಹೆಬ್ಬೆರಳಿನ ಮೇಲಿತ್ತು. ಏನೂ ಇಲ್ಲದ ಕಡೆ ನೋಡುತ್ತಾ ಮಗಳು ಹೇಳುತ್ತಿದ್ದಳು, ಅದಕ್ಕೆ ತಕ್ಕ ಹಾಗೆ ಬೆರಳು ಆಡುತ್ತಿತ್ತು. ಟಾರ್ಪಾಲಿನ ಬಳಿ ಯಾರೂ ನಗಲಿಲ್ಲ.

“ಸಾಕು ಮರಿ,” ಎಂದರು ವೆಂಕಟಾಚಲ. “ಬೇರೆಯವರೂ ಹಾರಿಸಬೇಕು. ಇಳಿಸೋಣ. ಫೋರ್ತ್ ಬ್ಲಾಕಿಗೆ ತರ್ತೀನಿ, ಎತ್ತರ ಹೇಳ್ತಾ ಹೋಗು.”

ಹಾರುವುದನ್ನು ಕಲ್ಪಿಸಬಹುದು, ಇಳಿಯುವುದನ್ನು ಕಲ್ಪಿಸುವ ಹಾಗಿರಲಿಲ್ಲ.

“ಅಪ್ಪ... ಕಾಣ್ತಿಲ್ಲ.”

“ಬಿಸಿಲು ಅಡ್ಡ ಬಂತಾ?”

“ಇಲ್ಲ. ಮಂಜು.”

“ಎಲ್ಲಿ?”

“ಎಲ್ಲಾ ಕಡೆ.”

ಅವರು ಒಂದು ಕೈ ಬಿಟ್ಟು ಕೆನ್ನೆ ಮುಟ್ಟಿಕೊಂಡರು. ಒದ್ದೆಯಾಗಿತ್ತು. ಇಷ್ಟು ಹೊತ್ತೂ ಅದನ್ನು ಮಳೆ ಹನಿ ಎಂದುಕೊಂಡಿದ್ದಿರಬೇಕು.

“ಯಾವಾಗಿಂದ?”

ಅವಳು ಅಪ್ಪನ ಮುಖದಿಂದ ರಿಮೋಟಿನ ಕಡೆಗೆ ನೋಟ ಇಳಿಸಿದಳು.

“ಎರಡು ಸುತ್ತು ಬಂತು ಅಂದೆ.”

ಅಪ್ಪ ಕೆನ್ನೆಯ ಮೇಲಿದ್ದ ಕೈಯನ್ನು ಮತ್ತೆ ರಿಮೋಟಿಗೆ ತಂದರು.

“ಬಿಸಿಲಿಗೆ ಹೊಳೀತು ಅಂದೆಯಲ್ಲೇ.”

ಗಾಳಿ ಟಾರ್ಪಾಲನ್ನು ಬಡಿಯುತ್ತಲೇ ಇತ್ತು. ವೆಂಕಟಾಚಲ ತಲೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಪಾಠದ ಮಧ್ಯೆ ಸಾಮಾನ್ಯ ಪ್ರಶ್ನೆ ಕೇಳುವವರ ದನಿಯಲ್ಲಿ, “ಶಿವರಾಮ್, ಕೆಳಗೆ ಯಾರಾದ್ರೂ ಇದಾರಾ?” ಎಂದರು.

“ಇಲ್ಲ ಮೇಷ್ಟ್ರೇ. ಮಳೆಗೆ ಕುರಿಯೋರೂ ಬಂದಿಲ್ಲ. ನಾನೇ ನೋಡಿದೀನಿ.”

ಕಾಣದ ಗ್ಲೈಡರನ್ನು ಹಾಗೇ ಬಿಟ್ಟರೆ ಅದು ಗಾಳಿಯ ಜೊತೆ ಹೋಗಿ ಊರಿನ ಮೇಲೋ ರಸ್ತೆಯ ಮೇಲೋ ಬೀಳುತ್ತದೆ. ಇದ್ದಲ್ಲೇ ಗಿರಗಿರನೆ ಸುತ್ತಿಸಿ ಬೀಳಿಸಬೇಕು. ಬೇರೆ ದಾರಿಯಿಲ್ಲ. ವೆಂಕಟಾಚಲ ರಿಮೋಟಿನ ಎರಡೂ ಕಡ್ಡಿಗಳನ್ನು ಮೂಲೆಗೆ ತಳ್ಳಿ ಹಿಡಿದರು. ಎಲ್ಲರೂ ಕಿವಿಗೊಟ್ಟು ನಿಂತರು. ಮುರಿದ ಸದ್ದಾಗಲಿ ಬಿದ್ದ ಸದ್ದಾಗಲಿ ಬರಲಿಲ್ಲ. ಅವರು ಹಿಡಿದೇ ಇದ್ದರು, ಉಗುರು ಬೆಳ್ಳಗಾಗುವ ತನಕ.

“ಸಾಕು ಬಿಡಿ ಮೇಷ್ಟ್ರೇ,” ಎಂದು ಶಿವರಾಮ್ ಹತ್ತಿರ ಬಂದು ಅವರ ಹೆಬ್ಬೆರಳುಗಳನ್ನು ತಾನೇ ಬಿಡಿಸಿದ. “ಬಿದ್ದಿರತ್ತೆ.”

ದೀಪಕ್ ಇನ್ನಿಬ್ಬರನ್ನು ಕರೆದುಕೊಂಡು ಲಂಟಾನದ ಪೊದೆಗಳಲ್ಲಿ ಹುಡುಕಲು ಇಳಿದ. ಮಂಜಿನೊಳಗಿನಿಂದ ಅವರು ಒಬ್ಬರನ್ನೊಬ್ಬರು ಕೂಗಿಕೊಳ್ಳುವುದು ಕೇಳುತ್ತಿತ್ತು. ಶಿವರಾಮ್ ಇಂಚರಳನ್ನು ಜೀಪಿನ ಮರೆಗೆ ಕರೆದ.

“ಎಷ್ಟು ಕಾಣತ್ತಮ್ಮ ಅವರಿಗೆ?”

“ಗ್ಲೈಡರ್ ಕಾಣಲ್ಲ.”

ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. “ನಂಗೊಂದು ಮಾತು ಹೇಳಬಾರದಿತ್ತೇನಮ್ಮ? ನಾವೇನು ಪೊಲೀಸ್ನೋರಾ?” ಎಂದವನೇ ಬಂಡೆಯ ಮೇಲೆ ಕೂತಿದ್ದ ವೆಂಕಟಾಚಲರ ಬಳಿ ಹೋಗಿ ಕುಕ್ಕರಿಸಿದ. “ಮೇಷ್ಟ್ರೇ, ಮುಂದಿನ ಸಲ ಈ ಕಡೆ ಇಂಚರ ನಿಲ್ಲಲಿ, ಆ ಕಡೆ ನಾನ್ ನಿಲ್ತೀನಿ. ರೂಲ್ಸ್ ಮಾಡಿದ್ದು ನಾನೇ ತಾನೆ? ಬದಲಾಯಿಸೋದೂ ನಾನೇ. ನೀವು ಹಾರಿಸ್ಲೇಬೇಕು.”

ಇಷ್ಟು ದಿನ ಇಂಚರ ಹೆದರಿದ್ದು ಈ ಮನುಷ್ಯನಿಗೆ.

“ಬೇಡ ಶಿವರಾಮ್,” ಎಂದರು ವೆಂಕಟಾಚಲ. ಕತ್ತಿನಿಂದ ರಿಮೋಟಿನ ಪಟ್ಟಿ ತೆಗೆದು, ಅದನ್ನು ರಿಮೋಟಿಗೆ ನೀಟಾಗಿ ಸುತ್ತಿ ಅವನ ಕೈಗಿಟ್ಟರು. “ದೀಪಕ್‌ಗೆ ಕೊಡು. ಅವನದು ಹಳೇದಾಗಿದೆ.”

ಗ್ಲೈಡರ್ ಸಿಗಲಿಲ್ಲ. ಆ ದಿನ ಮತ್ತೆ ಯಾರೂ ಹಾರಿಸಲಿಲ್ಲ.

ಹಿಂದಿರುಗುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಅಪ್ಪ ಮಗಳು ಇಬ್ಬರೇ ಕೂತಿದ್ದರು. ಕೋಣನಕುಂಟೆ ಕ್ರಾಸಿನ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಇಂಚರ ಹೇಳಬೇಕೆಂದು ಜೋಡಿಸಿಕೊಂಡ ಮಾತುಗಳೆಲ್ಲ ಅವಳಿಗೇ ಸುಳ್ಳಿನಂತೆ ಕೇಳಿಸಿದವು.

ಅಪ್ಪನೇ ಮಾತಾಡಿದರು, ಮುಂದಿನ ಸೀಟಿಗೆ ಕೇಳಿಸದ ಹಾಗೆ.

“ಹೋದ ಶ್ರಾವಣದಲ್ಲಿ ಒಂದು ಹದ್ದು ಬಂತು ಅಂದಿದ್ದೆ. ನಮ್ಮದರ ಪಕ್ಕದಲ್ಲೇ ಹಾರ್ತಿದೆ, ರೆಕ್ಕೆ ಆಡಿಸ್ದೇನೇ ಜೊತೆಗೇ ಬರ್ತಿದೆ ಅಂತ.”

“ಹ್ಞೂಂ.”

“ಅದು ಬಂದಿತ್ತಾ?”

ಬಂದಿತ್ತು. ಕಂದು ಬೆನ್ನಿನ ದೊಡ್ಡ ಹದ್ದು. ಗ್ಲೈಡರ್ ತಿರುಗಿದಾಗ ಅದೂ ತಿರುಗಿತ್ತು. ಅದನ್ನು ನೋಡಿ ಅವಳ ಕಣ್ಣು ತುಂಬಿತ್ತು. ಅಪ್ಪ ತಿಂಗಳುಗಟ್ಟಲೆ ಆ ಹದ್ದಿನ ಸುದ್ದಿಯನ್ನು ಸಿಕ್ಕವರಿಗೆಲ್ಲ ಹೇಳಿದ್ದರು.

“ಬಂದಿತ್ತಪ್ಪ. ನಿಜವಾಗ್ಲೂ ಬಂದಿತ್ತು.”

ಬಿಸಿಲು ಬಿದ್ದು ಹೊಟ್ಟೆ ಹೊಳೆಯಿತು ಎಂದದ್ದೂ ಇದೇ ದನಿಯಲ್ಲಿ. ಅದು ಅವಳಿಗೂ ತಿಳಿಯಿತು.

“ಸರಿ,” ಎಂದರು ಅಪ್ಪ, ತುಂಬ ಮೃದುವಾಗಿ, ಮಗಳಿಗೆ ನೋವಾಗದ ಹಾಗೆ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.