ಅಡುಗೆಮನೆ ಬಾಗಿಲ ಮೇಲಿನ ಮೊಳೆ

"ಆ ರೊಟ್ಟಿ ನೋದಿರನ ಕೈಗೆ ಕೊಡ್ಬೇಡ್ರಪ್ಪಾ! ಮುರಿಯೋದಿರ್ಲಿ, ಸೀದಾ ಕಸದ ಡಬ್ಬಿಗೆ ಹಾಕ್ಬಿಟ್ಟಾನು!"

ಹಮ್ದಂ ತಾತ ಇದನ್ನು ಪಿಸುಗುಟ್ಟಲಿಲ್ಲ. ತಾಷ್ಕೆಂಟಿನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿದ ಗಂಟಲು ಅದು. ಮದುವೆಯ ಬೆಳಗಿನ ಪಲಾವಿಗೆ ಕೂತಿದ್ದ ಕೇರಿಯ ಗಂಡಸರಿಗೆಲ್ಲ ಕೇಳಿಸಿತು. ಯಾರೋ ಕಿಸಕ್ಕೆಂದರು. ನೋದಿರ್ ಚಾಚಿದ ಕೈಯನ್ನು ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡ.

ಅವನನ್ನು ಯಾರೂ ಕರೆದಿರಲಿಲ್ಲ. ಮದುಮಗ ದವ್ರಾನ್, ಮಸ್ತೂರಕ್ಕನ ಹಿರೀ ಮಗ. ಮಸ್ತೂರಕ್ಕ ನೋದಿರನ ಮೂರನೇ ಮಹಡಿಯ ಮನೆಯಲ್ಲಿ ಏಳು ವರ್ಷ ಬಾಡಿಗೆಗಿದ್ದವಳು. ಆ ಮನೆಯ ಕೀಲಿಕೈ ಈಗ ಅವನ ಜೇಬಿನಲ್ಲಿತ್ತು. ಹೇಗಾದರೂ ಅವಳು ಅದನ್ನು ವಾಪಸ್ ಇಸ್ಕೊಂಡರೆ ಸಾಕು ಅಂತ ಬಂದಿದ್ದ.

ಎರಡು ವರ್ಷದ ಹಿಂದೆ, ಯುದ್ಧಕ್ಕೆ ಎಳೆದೊಯ್ದಾರೆಂದು ಹೆದರಿದ ರಷ್ಯಾದವರು ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಊರಿಗೆ ನುಗ್ಗಿದ್ದರು. ಬೀದಿಯಲ್ಲಿ ಒಂದೇ ಮಾತು: "ನಿಂದು ಎಷ್ಟಕ್ಕೆ ಹೋಯ್ತು?" ತಿಂಗಳೊಪ್ಪತ್ತಿನಲ್ಲಿ ಬಾಡಿಗೆ ಮೂರು ಪಟ್ಟಾಯಿತು. ಮೂರು ಮನೆಗಳ ಧಣಿ ನೋದಿರನಿಗೆ ನೆಲ ಕಾಣದಾಯಿತು.

"ಅಕ್ಕಾ, ಹತ್ತು ದಿನದಲ್ಲಿ ಮನೆ ಖಾಲಿಯಾಗ್ಬೇಕು."

"ಶಾಲೆ ಶುರುವಾಗೈತೆ, ಹೊಲಿಯೋ ಯೂನಿಫಾರಂ ರಾಶಿ ಬಿದ್ದೈತೆ. ಎಲ್ಲಿಗೆ ಹೋಗ್ಲಪ್ಪಾ?"

"ಮಾರ್ಕೆಟ್ ಹಂಗಿದೆ ಅಕ್ಕಾ. ನಾನೇನ್ ಮಾಡ್ಲಿ?"

ಮಾರ್ಕೆಟ್ಟಂತೆ! ಮಾರ್ಕೆಟ್ಟು ಮೂರು ಮಹಡಿ ಹತ್ತಿ ಬಂದು ಬಾಗಿಲು ಬಡಿಯಿತೇ? ಬಡಿದದ್ದು ಅವನದೇ ಕೈ.

ಎಂಟನೇ ದಿನ ಅವಳು ಹೊಲಿಗೆ ಮೆಷಿನ್ನು ಸಾಗಿಸಲು ಹೋಗಿದ್ದಾಗಲೇ ಇವನು ಬಣ್ಣದವರನ್ನು ಒಳಗೆ ಬಿಟ್ಟ. ಅಡುಗೆಮನೆ ಬಾಗಿಲ ಮೇಲಿನ ಮೊಳೆಗೆ ಬಿಳೀ ಬಟ್ಟೆಯ ಗಂಟೊಂದು ತೂಗುತ್ತಿತ್ತು. ಒಳಗೆ ಒಣಗಿದ ರೊಟ್ಟಿ, ಅಂಚಿನಲ್ಲಿ ಒಂದೇ ಒಂದು ಕಚ್ಚು. ಕಟ್ಟಡ ಕೆಲಸಕ್ಕೆ ರಷ್ಯಾಕ್ಕೆ ಹೋದ ದವ್ರಾನ್ ಹೊಸಿಲು ದಾಟುವಾಗ ಕಚ್ಚಿ ಬಿಟ್ಟದ್ದು. ವಾಪಸ್ ಬಂದು ಅವನೇ ತಿಂದು ಮುಗಿಸಬೇಕು; ರೊಟ್ಟಿ ಕಾದಿದ್ದರೆ ಹೋದವನು ಸುಖವಾಗಿ ಮರಳುತ್ತಾನೆಂದು ನಂಬಿಕೆ. ಅದಕ್ಕೇ ಅವಳು ಅದನ್ನು ಸಾಮಾನಿನ ಜೊತೆ ಕುಲುಕಾಡಿಸದೆ, ಕೊನೇ ಸಲ ಬಂದಾಗ ಕೈಯಲ್ಲೇ ಹಿಡಿದು ಒಯ್ಯೋಣವೆಂದು ಬಿಟ್ಟಿದ್ದಳು.

ನೋದಿರನಿಗೆ ಗೊತ್ತಿರಲಿಲ್ಲವೇ? ಅವನು ಸೈನ್ಯಕ್ಕೆ ಹೋದಾಗ ಅವನ ತಾಯಿಯೂ ಒಂದು ತೂಗುಹಾಕಿದ್ದಳು. ಬೀದಿಯಲ್ಲಿ ಬಿದ್ದ ರೊಟ್ಟಿ ಚೂರನ್ನೂ ಎತ್ತಿ ಗೋಡೆ ಮೇಲಿಡುವ ಜನ. ಗೊತ್ತಿತ್ತು. ಆದರೆ ನಾಲ್ಕು ಗಂಟೆಗೆ ಹೊಸ ಬಾಡಿಗೆಯವನು ಮನೆ ನೋಡಲು ಬರುವವನಿದ್ದ. ಹರಿದ ವಾಲ್‌ಪೇಪರಿನ ಜೊತೆ ಗಂಟನ್ನೂ ಕಸಕ್ಕೆ ಹಾಕಿದ. ಮೊಳೆ ಕಿತ್ತ. ಮರುದಿನ ಅಲ್ಲಿ ಟೈಲ್ಸ್ ಕೂತಿತು.

ಮಸ್ತೂರಕ್ಕ ಬಂದು ಬರೀ ಗೋಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲದಲ್ಲೇ ದವ್ರಾನ್ ಸಾರುವೆ ಮೇಲಿಂದ ಬಿದ್ದು ಎಡಗಾಲು ಮುರಿದುಕೊಂಡ. "ರೊಟ್ಟಿಗೂ ಕಾಲಿಗೂ ಏನ್ ಸಂಬಂಧ?" ಅಂತ ನೋದಿರ್ ಹೆಂಡತಿಯ ಮುಂದೆ ರೇಗಿದ. "ಹೌದಾ? ಹೋಗಿ ಅದನ್ನ ಅವರಮ್ಮನಿಗೇ ಹೇಳಿ ಬಾ," ಎಂದಳು ಅವಳು.

ಬಂದ ರಷ್ಯಾದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಊರ ಸುತ್ತ ಹೊಸ ಅಪಾರ್ಟ್‌ಮೆಂಟುಗಳೆದ್ದು ಬಾಡಿಗೆ ಇಳಿಯಿತು. ಹುಮ್ಮಸ್ಸಿನಲ್ಲಿ ಅವನು ಬುಕ್ ಮಾಡಿದ ನಾಲ್ಕನೇ ಮನೆ ಇನ್ನೂ ಬರೀ ಕಂಬಗಳಾಗಿ ನಿಂತಿದೆ. ಬೇರೆ ಮನೆಗಳಿಗೆ ಸಿಕ್ಕಿದ ಬಾಡಿಗೆಗೆ ಒಪ್ಪಿಕೊಂಡ. ಆ ಮೂರನೇ ಮಹಡಿಗೆ ಮಾತ್ರ ಯಾರು ಕೇಳಿ ಬಂದರೂ ಮನಸ್ಸು ಬರಲಿಲ್ಲ. ಆಗಾಗ ಒಬ್ಬನೇ ಹೋಗಿ ಆ ಅಡುಗೆಮನೆಯಲ್ಲಿ ನಿಂತು ಬರುತ್ತಿದ್ದ.

ದವ್ರಾನ್ ಕುಂಟುತ್ತ ಚಹಾದ ಕೆಟಲು ಹಿಡಿದು ಮೇಜಿನ ಹತ್ತಿರ ಬಂದ. ಎಷ್ಟು ಸುರಿಯುತ್ತಾನೋ ಎಂದು ಹಮ್ದಂ ತಾತನೂ ಕತ್ತು ಚಾಚಿದ. ಬೇಡದ ಅತಿಥಿಗೆ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಎಬ್ಬಿಸುವುದು ಇಲ್ಲಿನ ವಾಡಿಕೆ. ದವ್ರಾನ್ ಮರ್ಯಾದಸ್ಥರಿಗೆ ಕೊಡುವ ಹಾಗೆ ಎರಡೇ ಗುಟುಕು ಸುರಿದು, ಎದೆಯ ಮೇಲೆ ಕೈಯಿಟ್ಟು ಬಟ್ಟಲು ನೀಡಿದ.

ನೋದಿರ್ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ. "ಅಮ್ಮಂಗೆ ಕೊಡಪ್ಪಾ. ಹಳೇ ಬಾಡಿಗೇನೇ. ಹೊಸಾ ಸೊಸೆ ಬೇರೆ ಬರ್ತವ್ಳೆ, ಜಾಗ ಬೇಕಾಗುತ್ತೆ."

ದವ್ರಾನ್ ಕೀಲಿಕೈಯನ್ನೇ ನೋಡಿದ.

"ನಾಡಿದ್ದು ನನ್ ತಮ್ಮಾನೂ ಕೆಲ್ಸಕ್ಕೆ ರಷ್ಯಾಕ್ಕೆ ಹೊರಡ್ತವ್ನೆ ಅಣ್ಣಾ. ಅಡುಗೆಮನೆ ಬಾಗಿಲ ಮೇಲೆ ಒಂದು ಮೊಳೆ ಇತ್ತಲ್ಲಾ, ಇದೆಯಾ?"

ಕುಹಕವಿರಲಿಲ್ಲ ಆ ದನಿಯಲ್ಲಿ. ನಿಜಕ್ಕೂ ಕೇಳಿದ್ದ.

"ನಾಡಿದ್ದಕ್ಕೆ ಇರುತ್ತೆ," ಎಂದು ನೋದಿರ್ ಕೀಲಿಕೈ ಎತ್ತಿಕೊಂಡ. ಎರಡು ಗುಟುಕು ಚಹಾ ಹಾಗೇ ಬಿಟ್ಟು, ಮೇಜುಗಳ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ನಡೆದ.