ಶುಕ್ರವಾರದ ಕವಾಯತು

ಜಾವಾದ ಬೆಂಕಿಬೆಟ್ಟ ಮೆರಾಪಿಯ ಹೊಟ್ಟೆಯೊಳಗೆ ಇಬ್ಬರು ಕಮ್ಮಾರರು ಕೂತು ಇಂದಿಗೂ ಕತ್ತಿ ಬಡಿಯುತ್ತಾರಂತೆ. ಆ ಶುಕ್ರವಾರ ಬೆಳಿಗ್ಗೆ ಅವರು ಬೆಟ್ಟ ಬಿಟ್ಟು ಬಂದು ವೆನಿಂಗಳ ಎದೆಯಲ್ಲೇ ಕುಲುಮೆ ಹೂಡಿದ್ದರು.

ಜೋಗ್ಯಾ ನಗರದ ಪೇಟೆಯ ಮುಂದಿನ ಅಂಗಳದಲ್ಲಿ ಆಳೆತ್ತರದ ಧ್ವನಿವರ್ಧಕಗಳು. ಅವುಗಳೆದುರು ಸಾಲಾಗಿ ನಿಂತವರು ಹೊರೆ ಹೊರುವ ಹೆಂಗಸರು. ಬೆನ್ನಿಗೆ ಪಟ್ಟೆಬಟ್ಟೆ ಬಿಗಿದು, ಅಕ್ಕಿಮೂಟೆ, ಈರುಳ್ಳಿ, ಜವಳಿಯ ಗಂಟುಗಳನ್ನು ಮೂರು ಅಂತಸ್ತು ಏರಿಸುವವರು. ಇವತ್ತು ಅವರಿಗೆಲ್ಲ ಹಳದಿ ಅಂಗಿ ತೊಡಿಸಿದ್ದರು. ಬೆನ್ನ ಮೇಲೆ ಸಿಹಿ ಚಹಾ ಮಾರುವ ಕಂಪನಿಯ ಹೆಸರು, ಎದೆಯ ಮೇಲೆ 'ಏಳಿ, ಕುಣಿಯಿರಿ, ಹೃದಯ ಉಳಿಸಿ'.

ಇದಕ್ಕೆಲ್ಲ ಆಧಾರ ಸಂಶೋಧಕಿ ವೆನಿಂಗಳ ಅಧ್ಯಯನ ಎಂದು ಫಲಕದಲ್ಲಿ ಬರೆದಿತ್ತು.

ವರ್ಷವಿಡೀ ಅವಳು ಈ ಹೆಂಗಸರ ಹಿಂದೆ ಮೆಟ್ಟಿಲು ಹತ್ತಿಳಿದಿದ್ದಳು. ಎದೆಗೆ ಪಟ್ಟಿ ಕಟ್ಟಿ ಬಡಿತ ಅಳೆದಿದ್ದಳು. ಸಂಜೆಯ ಗಾಳಿಗೆ ಕೈಬೀಸಿ ನಡೆಯುವವರ ಹೃದಯ ಗಟ್ಟಿಯಾಗುತ್ತದೆ, ನಿಜ. ಬೆಳಗಿನಿಂದ ಕತ್ತಲಾಗುವವರೆಗೆ ಬಾಗಿ ಹೊರುವವರದು ಹಾಗಲ್ಲ. ದಣಿವಾರಲು ಹೊತ್ತೇ ಸಿಗದೆ, ಏರಿದ ರಕ್ತದೊತ್ತಡ ಇಳಿಯುವುದೇ ಇಲ್ಲ. ಹೊರೆ ಹಗುರ ಮಾಡಿ, ಸಾಮಾನಿಗೆ ಲಿಫ್ಟ್ ಹಾಕಿಸಿ, ಮಧ್ಯಾಹ್ನ ಕಾಲು ಚಾಚಲು ಜಾಗ ಕೊಡಿ ಎಂದು ಬರೆದಿದ್ದಳು. ಅವಳ ಸಂಸ್ಥೆಯ ನಿರ್ದೇಶಕ, ಪೇಟೆಯ ಆಡಳಿತವೂ ಕೈಯಲ್ಲಿದ್ದ ವಿನಾರ್ಸೊ ಅದನ್ನೆಲ್ಲ ಬಿಟ್ಟು ಒಂದೇ ಒಂದು ಸಾಲು ಹೆಕ್ಕಿಕೊಂಡಿದ್ದ. ವ್ಯಾಯಾಮ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಹೆಂಗಸರು 'ಇಲ್ಲ' ಎಂದಿದ್ದರು. ಅವನಿಗೆ ಅಷ್ಟೇ ಸಾಕಾಯಿತು.

ಎರಡನೇ ಸಾಲಿನಲ್ಲಿ ಪೋನಿಯೆಂ ಕಂಡಳು. ಸ್ವಂತ ದೊಡ್ಡಮ್ಮನೇನೋ ಎಂಬಂತೆ ವೆನಿಂಗ್ ಅವಳನ್ನು ಬುಡೆ ಎಂದೇ ಕರೆಯುತ್ತಿದ್ದಳು.

"ಬುಡೆ! ಮೆಟ್ಲು ಕೂಡ ಹತ್ಬೇಡಿ ಅಂತ ಡಾಕ್ಟ್ರು ಹೇಳಿದಾರೆ. ನೀವು ಕುಣಿಯೋಕೆ ಬಂದಿದೀರಲ್ಲ!"

"ಮೆಲ್ಲಗೆ ಮಾತಾಡೇ. ಇವತ್ತು ಬರ್ದಿದ್ರೆ ಬಿಲ್ಲೆ ಕಿತ್ಕೋತಾರಂತೆ. ಬಿಲ್ಲೆ ಇಲ್ದಿದ್ರೆ ಪೇಟೆ ಒಳಗೆ ಯಾರು ಬಿಡ್ತಾರೆ ನನ್ನ?"

"ಯಾರು ಹಾಗಂದಿದ್ದು?"

"ಅಗೋ, ನಿಮ್ಮ ಡೈರೆಕ್ಟರ್ ಬಾಪಾಕ್."

ಪಕ್ಕದಲ್ಲಿದ್ದ ಗಿನೆಂ ಕಿಸಕ್ಕೆಂದಳು. "ಬಿಡೇ ಮಗಳೇ, ಸತ್ರೂ ಹೊಸ ಅಂಗೀಲೇ ಸಾಯ್ತಾಳೆ ನಮ್ಮ ಪೋನಿಯೆಂ."

ಪೋನಿಯೆಂ ಕೂಡ ನಕ್ಕಳು. ಅಷ್ಟು ನಗುವಿಗೇ ಏದುಸಿರು ಬಂತು.

ವೆನಿಂಗ್ ದಾಪುಗಾಲು ಹಾಕಿ ವಿನಾರ್ಸೊನ ಮುಂದೆ ನಿಂತಳು. "ಬಾಪಾಕ್, ಆ ಅಮ್ಮನ ಹೃದಯ ಸೋತಿದೆ. ಮನೆಗೆ ಕಳಿಸಿ. ಬಿಲ್ಲೆ ಮುಟ್ಬೇಡಿ."

"ಒಬ್ಬಳನ್ನ ಬಿಟ್ರೆ ಎಲ್ರೂ ನೆಪ ಹೇಳ್ತಾರೆ. ಒಂಚೂರು ಮೈ ಬಗ್ಗಿಸ್ಲಿ, ಎಲ್ಲಾ ಸರಿಹೋಗುತ್ತೆ."

"ಬಗ್ಗಿಸೋದಾ? ಅವರ ಬಗ್ಗಿದ ಬೆನ್ನು ನೆಟ್ಟಗಾಗಿದ್ದೇ ಇಲ್ಲ!"

"ಮೆತ್ತಗೆ. ಪತ್ರಿಕೆಯೋರಿದಾರೆ. ಕೆಲ್ಸ ಬೇಕೋ ಬೇಡ್ವೋ ನಿಂಗೆ?"

ಅಷ್ಟರಲ್ಲಿ ಹಾಡು ಶುರುವಾಯಿತು. ವೇದಿಕೆಯ ಮೇಲೆ ಬಳುಕುವ ಹುಡುಗಿಯೊಬ್ಬಳು ಜಿಗಿದಳು, ಕೆಳಗೆ ಹಳದಿ ತೋಳುಗಳು ಮೇಲೆದ್ದವು. ಪೋನಿಯೆಂ ಕೂಡ ಎತ್ತಿದಳು. ಮತ್ತೆ ಎತ್ತಿದಳು. ಮೂರನೇ ಸಲ ಒಂದು ಕೈ ಮೇಲೆ ಹೋಗಲೇ ಇಲ್ಲ; ಎದೆಯನ್ನು ಹಿಡಿದುಕೊಂಡಿತು.

ವೆನಿಂಗ್ ವೇದಿಕೆಯ ಹಿಂದಕ್ಕೆ ಓಡಿ, ದಪ್ಪ ವೈರನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತಳು.

ಹಾಡು ಗಕ್ಕನೆ ನಿಂತಿತು. ವೈರ್ ಹಿಡಿದೇ ಅವಳು ಸಾಲಿನತ್ತ ಓಡಿಬಂದಳು.

"ಬುಡೆ, ಕೂತ್ಕೊಳ್ಳಿ!"

ಪೋನಿಯೆಂ ನಿರ್ದೇಶಕನ ಮುಖ ನೋಡಿದಳು. ಕೂರಲಿಲ್ಲ. ಆಗ ಗಿನೆಂ ಅವಳ ತೋಳು ಹಿಡಿದೆಳೆದು, ತಾನೂ ದೊಪ್ಪನೆ ನೆಲದ ಮೇಲೆ ಕೂತಳು. ಹಿಂದಿನ ಸಾಲು ಕೂತಿತು. ಮುಂದಿನದು ತಿರುಗಿ ನೋಡಿ ತಾನೂ ಕೂತಿತು.

"ಏಳಿ! ಎಲ್ರೂ ಏಳಿ! ಬಿಲ್ಲೆ ಕಿತ್ತು ಬಿಸಾಕ್ತೀನಿ!" ವಿನಾರ್ಸೊ ಕಿರುಚಿದ.

ಪೇಟೆಯ ಬಾಗಿಲಿಂದ ಜವಳಿ ವ್ಯಾಪಾರಿಯೊಬ್ಬ ಕೂಗಿದ: "ಹೊರೋರೆಲ್ಲಿ ಸತ್ರು? ಲಾರಿ ಬಂದು ನಿಂತಿದೆ!"

"ಇವತ್ತು ನೀವೇ ಹೊತ್ಕೊಳ್ಳಿ ಸಾಹೇಬ್ರೇ, ಹೃದಯಕ್ಕೆ ಒಳ್ಳೇದಂತೆ!" ಎಂದಳು ಗಿನೆಂ.

ನಗು ಅಲೆಯಾಗಿ ಹಬ್ಬಿತು. ವೆನಿಂಗ್ ನಗಲಿಲ್ಲ. ಪೋನಿಯೆಂಳ ಪಕ್ಕ ಮಂಡಿಯೂರಿ ನಾಡಿ ಹಿಡಿದಿದ್ದಳು. ಅದು ಎಡವುತ್ತ ಎಡವುತ್ತ ಓಡುತ್ತಿತ್ತು. ವ್ಯಾಪಾರಿಗಳು ಈಗ ವಿನಾರ್ಸೊನನ್ನೇ ಸುತ್ತುವರಿದು ಬೈಯತೊಡಗಿದ್ದರು. ಅವನು ಬೆವರೊರೆಸುತ್ತ ಬಂದ.

"ಆಯ್ತು, ಅವಳ ಬಿಲ್ಲೆ ಇರ್ಲಿ. ಆಸ್ಪತ್ರೆಗೆ ಕರ್ಕೊಂಡ್ ಹೋಗು. ಆ ವೈರ್ ಕೊಡು."

ವೆನಿಂಗ್ ವೈರನ್ನು ಮುಂಗೈಗೆ ಸುತ್ತಿಕೊಂಡಳು.

"ಅದು ಬುಡೆದಾಯ್ತು," ಎಂದಳು. "ಉಳಿದೋರದು ಹೇಳಿ."